ಕ್ಲಾರಿನೆಟ್ ಲಿಗೇಚರ್ ಆರಿಸುವುದು ಹೇಗೆ: ಬೂಟಿನ ಲೇಸಿನಿಂದ ಶುರು ಮಾಡೋಣ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಅದರಲ್ಲಿ ಏಳು ಲಿಗೇಚರ್‌ಗಳಿವೆ. ಅವಕ್ಕೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೇ ಮೌತ್‌ಪೀಸು, ಅದರ ಮೇಲೆ ಎರಡು ವರ್ಷಕ್ಕಾಗುವಷ್ಟು ರೀಡು ಬರುತ್ತಿತ್ತು. ಈ ಲೆಕ್ಕವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಏಳರಲ್ಲಿ ಈಗ ಬಳಸುವುದು ಎರಡನ್ನೇ. ಅದರಲ್ಲೊಂದು ಬರೀ ದಾರ.

ಲಿಗೇಚರ್ ಅಂದರೆ ರೀಡನ್ನು ಮೌತ್‌ಪೀಸಿಗೆ, ಅಂದರೆ ವಾದ್ಯದ ಬಾಯಲ್ಲಿಡುವ ತುಂಡಿಗೆ, ಹಿಡಿದಿಡುವ ಪಟ್ಟಿ. ಇಷ್ಟು ಸಣ್ಣ ವಸ್ತುವಿನ ಬಗ್ಗೆ ಕ್ಲಾರಿನೆಟ್ ನುಡಿಸುವವರು ಗಂಟೆಗಟ್ಟಲೆ ಮಾತಾಡುತ್ತಾರೆ. ಇದನ್ನು ಹಾಕಿದರೆ ನಾದ ಗಾಢವಾಗುತ್ತದಂತೆ, ಅದನ್ನು ಹಾಕಿದರೆ ಹೊಳಪು ಬರುತ್ತದಂತೆ, ಚಿನ್ನದ ಲೇಪ ಇದ್ದರೆ ಜೇನು ಸುರಿದ ಹಾಗಂತೆ. ಇದರಲ್ಲಿ ಸ್ವಲ್ಪ ನಿಜ ಇದೆ. ಜಾಸ್ತಿ ಪಾಲು ನಮ್ಮ ಆಸೆ. ಎಷ್ಟು ನಿಜ, ಎಷ್ಟು ಆಸೆ ಅನ್ನುವುದನ್ನು ನಿಮ್ಮ ಕಿವಿಯಿಂದಲೇ ತಿಳಿದುಕೊಳ್ಳುವ ದಾರಿ ಇಲ್ಲಿದೆ. ನಿಮ್ಮ ಕೈಯಲ್ಲಿರುವುದು ಸಾಮಾನ್ಯ ಬಿ-ಫ್ಲ್ಯಾಟ್ ಕ್ಲಾರಿನೆಟ್ ಅಂದುಕೊಂಡು ಬರೆಯುತ್ತಿದ್ದೇನೆ. ನಮ್ಮ ಬ್ಯಾಂಡ್‌ಸೆಟ್‌ನ ಹಿರಿಯರು ಇದನ್ನೇ ಕ್ಲಾರಿಯೋನೆಟ್ ಅನ್ನುತ್ತಾರೆ. ಹೆಸರು ಯಾವುದಾದರೂ ಪಟ್ಟಿಯ ಕಥೆ ಒಂದೇ.

## ಅದು ಮಾಡುವ ಕೆಲಸ

ಊದಿದಾಗ ನಡುಗುವುದು ರೀಡ್. ಬಿದಿರಿನ ಹಾಗೆ ಕಾಣುವ ಒಂದು ಜಾತಿಯ ಜೊಂಡಿನಿಂದ ಅದನ್ನು ಸೀಳಿ ಮಾಡುತ್ತಾರೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ ಜೊಂಡಿಗೆ ಈ ವಿಷಯದಲ್ಲಿ ದೊಡ್ಡ ಹೆಸರು. ರೀಡನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗಿನ ಅರ್ಧ ದಪ್ಪ, ಮೇಲೆ ಸಿಪ್ಪೆ ಹಾಗೇ ಇದೆ. ಅಲ್ಲಿಂದ ಮುಂದೆ ಕೆತ್ತಿ ಕೆತ್ತಿ ತೆಳುವಾಗುತ್ತಾ ಹೋಗುತ್ತದೆ. ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್, ಹೆಚ್ಚೂಕಡಿಮೆ ಒಂದು ಹಾಳೆಯಷ್ಟು. ಆ ತುದಿ ಸೆಕೆಂಡಿಗೆ ನೂರಾರು ಸಲ ಬಡಿದುಕೊಂಡಾಗ ಸ್ವರ ಹುಟ್ಟುತ್ತದೆ.

ಲಿಗೇಚರ್ ಹಿಡಿಯುವುದು ಸಿಪ್ಪೆ ಇರುವ ದಪ್ಪ ಭಾಗವನ್ನು. ಅಂದರೆ ನಡುಗದೇ ಇರಬೇಕಾದ ಭಾಗವನ್ನು. ಇದೊಂದು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಲಿಗೇಚರ್ ತಾನಾಗಿ ನಾದ ಮಾಡುವುದಿಲ್ಲ. ರೀಡಿನ ಬೆನ್ನು ಮೌತ್‌ಪೀಸಿನ ಸಮತಟ್ಟಾದ ಜಾಗಕ್ಕೆ ಗಾಳಿ ಸೋರದ ಹಾಗೆ ಅಂಟಿಕೊಂಡಿರಬೇಕು, ತುದಿಗೆ ಯಾವ ತೊಂದರೆಯೂ ಆಗಬಾರದು. ಪಂಚೆ ಮೇಲೆ ಕಟ್ಟುವ ಬೆಲ್ಟ್ ಇದೆಯಲ್ಲ, ಹಾಗೆ. ಸಡಿಲವಾದರೆ ಮಾನ ಹೋಗುತ್ತದೆ. ತೀರಾ ಬಿಗಿಯಾದರೆ ಊಟ ಇಳಿಯುವುದಿಲ್ಲ.

ಹಾಗಾದರೆ ಲಿಗೇಚರ್ ಬದಲಾಯಿಸಿದಾಗ ಏನೋ ಬದಲಾಯಿತು ಅಂತ ಅನಿಸುವುದು ಸುಳ್ಳಾ? ಸುಳ್ಳಲ್ಲ. ನಮ್ಮ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂತಿರುತ್ತದೆ. ಅಲ್ಲಿಯ ನಡುಕ ಹಲ್ಲಿನಿಂದ ದವಡೆ, ತಲೆಬುರುಡೆ ದಾಟಿ ನೇರ ಒಳಕಿವಿಗೆ ಹೋಗುತ್ತದೆ. ಕೆಳತುಟಿ ರೀಡನ್ನೇ ಮುಟ್ಟಿಕೊಂಡಿದೆ. ಹಾಗಾಗಿ ಪಟ್ಟಿಯ ಹಿಡಿತದಲ್ಲಿ ಒಂಚೂರು ವ್ಯತ್ಯಾಸವಾದರೂ ನುಡಿಸುವವರಿಗೆ ಗೊತ್ತಾಗುತ್ತದೆ. ಹತ್ತು ಅಡಿ ಆಚೆ ಕುರ್ಚಿಯಲ್ಲಿ ಕೂತವರಿಗೆ ಬಹಳ ಸಲ ಏನೂ ಗೊತ್ತಾಗುವುದಿಲ್ಲ. ಆದರೆ ಒಂದು ಮಾತು. ರೀಡ್ ಬೇಗ ಸ್ಪಂದಿಸುತ್ತಿದೆ ಅಂತ ನಿಮಗೆ ಅನಿಸಿದರೆ ನೀವು ಹಗುರಾಗಿ ಊದುತ್ತೀರಿ, ಧೈರ್ಯವಾಗಿ ನುಡಿಸುತ್ತೀರಿ. ಆ ವ್ಯತ್ಯಾಸ ಕೇಳುಗರಿಗೂ ತಲುಪುತ್ತದೆ.

ನನ್ನ ಅನುಭವದಲ್ಲಿ ನಾದ ಬದಲಾಯಿಸುವ ಶಕ್ತಿ ಮೊದಲು ನಿಮ್ಮ ತುಟಿ ಮತ್ತು ಉಸಿರಿಗೆ. ಆಮೇಲೆ ರೀಡಿಗೆ, ಆಮೇಲೆ ಮೌತ್‌ಪೀಸಿಗೆ. ಲಿಗೇಚರ್ ಇವೆಲ್ಲ ಆದಮೇಲೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಒಂದು ಪೆಟ್ಟಿಗೆ ರೀಡ್ ತೆಗೆದುಕೊಳ್ಳಿ. ಈ ಲೇಖನವನ್ನು ಆರು ತಿಂಗಳು ಬಿಟ್ಟು ಓದಿದರೂ ನಡೆಯುತ್ತದೆ.

## ಹೆಜ್ಜೆ 1: ತಪ್ಪು ಲಿಗೇಚರ್‌ನದ್ದೇನಾ ನೋಡಿ

‘ಕೀಚ್ ಅನ್ನುತ್ತಿದೆ, ಲಿಗೇಚರ್ ಬದಲಾಯಿಸಬೇಕು’ ಅಂತ ಬರುವವರಲ್ಲಿ ಹೆಚ್ಚಿನವರ ತೊಂದರೆ ಬೇರೆಯೇ ಇರುತ್ತದೆ. ಒಂದು ಪರೀಕ್ಷೆ ಇದೆ, ಅರ್ಧ ನಿಮಿಷ ಸಾಕು.

ರೀಡನ್ನು ಬಾಯಲ್ಲಿಟ್ಟು ಚೆನ್ನಾಗಿ ತೇವ ಮಾಡಿ. ಮೌತ್‌ಪೀಸಿಗೆ ಹಾಕಿ, ಲಿಗೇಚರ್ ಬಿಗಿ ಮಾಡಿ. ಮೌತ್‌ಪೀಸನ್ನು ಬ್ಯಾರಲ್‌ನಿಂದ, ಅಂದರೆ ಅದರ ಕೆಳಗಿನ ಗಿಡ್ಡ ತುಂಡಿನಿಂದ, ಬಿಡಿಸಿ ಕೈಯಲ್ಲಿ ಹಿಡಿಯಿರಿ. ಕೆಳಗಿನ ತೂತನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ. ಈಗ ಮೇಲಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಮೌತ್‌ಪೀಸನ್ನು ಬಾಯಿಂದ ತೆಗೆಯಿರಿ. ರೀಡಿನ ತುದಿ ಮುಚ್ಚಿಕೊಂಡು ಒಂದೆರಡು ಸೆಕೆಂಡ್ ಹಾಗೇ ನಿಲ್ಲಬೇಕು. ಆಮೇಲೆ ‘ಟಪ್’ ಅಂತ ಬಿಟ್ಟುಕೊಳ್ಳಬೇಕು. ಆ ಟಪ್ ಬಂದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ.

ತಕ್ಷಣ ಬಿಟ್ಟುಕೊಂಡರೆ, ಅಥವಾ ಮುಚ್ಚಿಕೊಳ್ಳಲೇ ಇಲ್ಲ ಅಂದರೆ, ಎಲ್ಲೋ ಸೋರಿಕೆ ಇದೆ. ಇನ್ನೊಂದು ರೀಡ್ ಹಾಕಿ ನೋಡಿ. ಅದರಲ್ಲಿ ಟಪ್ ಬಂದರೆ ತಪ್ಪು ಮೊದಲ ರೀಡಿನದ್ದು. ನಾಲ್ಕೈದು ರೀಡ್ ಬದಲಾಯಿಸಿದರೂ ಬರಲಿಲ್ಲವಾ? ಆಗ ಲಿಗೇಚರ್ ತೆಗೆದು ರೀಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಬೆರಳಿನಲ್ಲಿ ಟಪ್ ಬಂದು ಪಟ್ಟಿಯಲ್ಲಿ ಬರದಿದ್ದರೆ ಮಾತ್ರ ಲಿಗೇಚರ್ ಮೇಲೆ ಅನುಮಾನ ಪಡಿ. ಎರಡರಲ್ಲೂ ಬರಲಿಲ್ಲ ಅಂದರೆ ಮೌತ್‌ಪೀಸನ್ನೇ ಬಲ್ಲವರಿಗೆ ತೋರಿಸಿ.

ಬೆನ್ನು ಸೊಟ್ಟಗಾದ ರೀಡನ್ನು ಎಸೆಯಬೇಕಿಲ್ಲ. ಕನ್ನಡಿಯ ಚೂರೊಂದರ ಮೇಲೆ 600 ನಂಬರಿನ ವಾಟರ್ ಪೇಪರ್ ಇಟ್ಟು, ರೀಡಿನ ಬೆನ್ನನ್ನು ಹಗುರವಾಗಿ ನಾಲ್ಕು ಸಲ ಉಜ್ಜಿ. ತುದಿಯ ಮೇಲೆ ಭಾರ ಬೀಳಬಾರದು. ಮಳೆಗಾಲದಲ್ಲಿ ಮಂಗಳೂರು ಕಡೆಯವರಿಗೆ, ಬೇಸಿಗೆಯಲ್ಲಿ ರಾಯಚೂರು ಕಡೆಯವರಿಗೆ ಇದು ಪದೇ ಪದೇ ಬೇಕಾಗುವ ಕೆಲಸ. ಅಲ್ಲಿ ತೇವ ಜಾಸ್ತಿ, ಇಲ್ಲಿ ಒಣಗುವುದು ಜಾಸ್ತಿ. ಎರಡಕ್ಕೂ ಜೊಂಡು ಡೊಂಕಾಗುತ್ತದೆ.

## ಹೆಜ್ಜೆ 2: ಇರುವುದನ್ನೇ ಸರಿಯಾಗಿ ಹಾಕಿ

ನಾನು ಮೊದಲ ಎರಡು ವರ್ಷ ಲಿಗೇಚರನ್ನು ಉಲ್ಟಾ ಹಾಕಿಕೊಂಡು ನುಡಿಸಿದ್ದೆ. ಹೇಳಿಕೊಟ್ಟವರೂ ಗಮನಿಸಿರಲಿಲ್ಲ. ಕ್ಲಾರಿನೆಟ್ ಜೊತೆಗೇ ಬರುವ ಎರಡು ಸ್ಕ್ರೂಗಳ ಮಾಮೂಲಿ ಲಿಗೇಚರ್‌ನಲ್ಲಿ ಸ್ಕ್ರೂಗಳು ರೀಡಿನ ಕಡೆ ಇರಬೇಕು, ಅವುಗಳ ತಲೆ ನುಡಿಸುವವರ ಬಲಗಡೆಗೆ ಬರಬೇಕು. ‘ಇನ್ವರ್ಟೆಡ್’ ಅನ್ನುವ ಜಾತಿಯಲ್ಲಿ ಸ್ಕ್ರೂ ರೀಡಿನ ಎದುರು ಬದಿಗೆ, ಅಂದರೆ ಮೇಲಕ್ಕೆ ಬರುತ್ತದೆ, ತಲೆ ಆಗಲೂ ಬಲಕ್ಕೇ. ಪಟ್ಟಿಯ ಒಳಗೆ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ರೀಡನ್ನು ಒತ್ತಲು ಸಮತಟ್ಟಾದ ಜಾಗವೋ ಗೆರೆಯೋ ಎಲ್ಲಿದೆಯೋ ಅದು ರೀಡಿನ ಕಡೆ.

ಹಾಕುವ ಕ್ರಮ ಹೀಗೆ. ಮೊದಲು ಖಾಲಿ ಲಿಗೇಚರನ್ನು ಸಡಿಲ ಮಾಡಿ ಮೌತ್‌ಪೀಸಿಗೆ ಇಳಿಸಿ. ಮೌತ್‌ಪೀಸು ಕೆಳಕ್ಕೆ ಬರುತ್ತಾ ಅಗಲವಾಗುತ್ತದೆ, ಲಿಗೇಚರ್‌ನ ಅಗಲ ಬಾಯಿ ಕೂಡ ಕೆಳಗೇ ಇರಲಿ. ಆಮೇಲೆ ರೀಡನ್ನು ಮೇಲಿನಿಂದ, ದಪ್ಪ ಕಡೆ ಮುಂದಾಗಿ, ಪಟ್ಟಿಯೊಳಗೆ ಜಾರಿಸಿ. ರೀಡ್ ಮೊದಲು ಇಟ್ಟು ಅದರ ಮೇಲೆ ಪಟ್ಟಿ ತೂರಿಸಲು ಹೋದರೆ ಒಂದಲ್ಲ ಒಂದು ದಿನ ತುದಿ ಸೀಳುತ್ತದೆ. ಅದೂ ನಿಮ್ಮ ಅತ್ಯುತ್ತಮ ರೀಡಿನದ್ದೇ.

ಈಗ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ರೀಡಿನ ತುದಿಯೂ ಮೌತ್‌ಪೀಸಿನ ತುದಿಯೂ ಸಮ ಇರಬೇಕು, ಅಥವಾ ರೀಡಿನ ಆಚೆ ಕೂದಲೆಳೆಯಷ್ಟು ಕಪ್ಪು ಕಾಣಬಹುದು. ಎಡಬಲ ಎರಡೂ ಅಂಚು ಒಂದೇ ಸಮ ಇರಬೇಕು. ಅನೇಕ ಮೌತ್‌ಪೀಸುಗಳ ಮೈಮೇಲೆ ಸುತ್ತಲೂ ಗೆರೆ ಕೊರೆದಿರುತ್ತಾರೆ. ಲಿಗೇಚರ್ ಆ ಗೆರೆಗಳ ಒಳಗೆ ಕೂರಬೇಕು. ಗೆರೆ ಇಲ್ಲದಿದ್ದರೆ, ರೀಡಿನ ಕೆತ್ತಿದ ಭಾಗ ಶುರುವಾಗುವ ಜಾಗಕ್ಕಿಂತ ಪಟ್ಟಿ ಸ್ವಲ್ಪ ಕೆಳಗಿರಲಿ. ಮೇಲಕ್ಕೆ ಹೋದರೆ ರೀಡಿನ ಉಸಿರು ಕಟ್ಟುತ್ತದೆ. ಎರಡು ಮಿಲಿಮೀಟರ್ ಮೇಲೆ ಕೆಳಗೆ ಮಾಡಿ ಊದಿ ನೋಡಿ. ಒಂದು ಹೊಸ ಲಿಗೇಚರ್ ಕೊಂಡಾಗ ಆಗುವ ವ್ಯತ್ಯಾಸಕ್ಕಿಂತ ಇದು ದೊಡ್ಡದು, ಬಿಟ್ಟಿ ಬೇರೆ.

ಬಿಗಿ ಎಷ್ಟಿರಬೇಕು? ಬೆರಳ ತುದಿಯ ಶಕ್ತಿ ಸಾಕು. ಕೆಳಗಿನ ಸ್ಕ್ರೂ, ಅಂದರೆ ಬ್ಯಾರಲ್ ಕಡೆಯದು, ಸ್ವಲ್ಪ ಬಿಗಿ. ಮೇಲಿನದು ರೀಡ್ ಅಲ್ಲಾಡದಷ್ಟು ಮಾತ್ರ. ರೀಡನ್ನು ಪಕ್ಕಕ್ಕೆ ತಳ್ಳಿದರೆ ಸರಿಯಬಾರದು, ಅಷ್ಟೇ. ತೇವವಾದ ಜೊಂಡು ಮೆತ್ತಗಿರುತ್ತದೆ. ಬಿಗಿಯಾದ ಲೋಹದ ಅಂಚು ಅದರಲ್ಲಿ ಹಳ್ಳ ಮಾಡುತ್ತದೆ, ನಡುವೆ ಉಬ್ಬುತ್ತದೆ, ಒಣಗಿದ ಮೇಲೆ ಆ ಆಕಾರ ಹಾಗೇ ಉಳಿಯುತ್ತದೆ. ನಿಮ್ಮ ಹಳೇ ರೀಡುಗಳ ಸಿಪ್ಪೆಯ ಮೇಲೆ ಆಳವಾದ ಎರಡು ಗೀರು ಕಾಣುತ್ತಿದ್ದರೆ ಅಪರಾಧಿ ನಿಮ್ಮ ಕೈಯೇ.

## ಹೆಜ್ಜೆ 3: ಹೆಬ್ಬೆರಳಿನ ಪರೀಕ್ಷೆ

ಇದನ್ನು ಯಾರು ಬೇಕಾದರೂ ಮಾಡಬಹುದು. ಕ್ಲಾರಿನೆಟ್‌ನಲ್ಲಿ ಎಲ್ಲ ತೂತುಗಳನ್ನೂ ತೆರೆದಿಟ್ಟು ಊದಿದರೆ ಬರುವುದು ಓಪನ್ ಜಿ. ಅದಕ್ಕೆ ಬೆರಳೇ ಬೇಡ. ಕುರ್ಚಿಯಲ್ಲಿ ಕೂತು, ವಾದ್ಯದ ಕೆಳತುದಿಯನ್ನು ಮಂಡಿಗಳ ನಡುವೆ ಇಟ್ಟುಕೊಳ್ಳಿ. ಒಂದು ಕೈಯಲ್ಲಿ ವಾದ್ಯ ಹಿಡಿಯಿರಿ. ಲಿಗೇಚರ್ ತೆಗೆದುಬಿಡಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ರೀಡಿನ ದಪ್ಪ ಭಾಗವನ್ನು ಮೌತ್‌ಪೀಸಿಗೆ ಒತ್ತಿ ಹಿಡಿದು ಊದಿ.

ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ಅಷ್ಟು ಸಲೀಸಾಗಿ, ತುಂಬಿದ ನಾದ! ಮೆತ್ತನೆಯ ಬೆರಳು, ಒಂದೇ ಕಡೆ ಒತ್ತು, ಸುತ್ತಲೂ ಏನೂ ಇಲ್ಲ. ಈಗ ಲಿಗೇಚರ್ ಹಾಕಿ ಅದೇ ಸ್ವರ ಊದಿ. ಎರಡೂ ಹೆಚ್ಚೂಕಡಿಮೆ ಒಂದೇ ಥರ ಇದ್ದರೆ ನಿಮ್ಮ ಲಿಗೇಚರ್ ಚೆನ್ನಾಗಿಯೇ ಇದೆ, ಹೊಸದರ ಹುಚ್ಚು ಬಿಡಿ. ಲಿಗೇಚರ್ ಹಾಕಿದಾಗ ಸ್ವರ ತಡವಾಗಿ ಹುಟ್ಟಿದರೆ, ಮೂಗು ಕಟ್ಟಿದ ಹಾಗೆ ಅನಿಸಿದರೆ, ಸ್ಕ್ರೂ ಸಡಿಲ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

## ಹೆಜ್ಜೆ 4: ದಾರ ಕಟ್ಟಿ ನೋಡಿ

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಕ್ರಿಸ್ಟಾಫ್ ಡೆನ್ನರ್ 1700ರ ಆಸುಪಾಸಿನಲ್ಲಿ ಕ್ಲಾರಿನೆಟ್‌ಗೆ ರೂಪ ಕೊಟ್ಟಾಗ ಸ್ಕ್ರೂ ಪಟ್ಟಿ ಇರಲಿಲ್ಲ. ರೀಡನ್ನು ದಾರದಿಂದ ಸುತ್ತಿ ಕಟ್ಟುತ್ತಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಆಮೇಲೆ ಇವಾನ್ ಮ್ಯೂಲರ್ ಬಂದ. ಇವನ 13 ಕೀಲಿಗಳ ಕ್ಲಾರಿನೆಟ್ಟನ್ನು 1812ರಲ್ಲಿ ಪ್ಯಾರಿಸ್ಸಿನ ಪಂಡಿತರು ಒಪ್ಪಲಿಲ್ಲ, ಲೋಕ ಆಮೇಲೆ ಒಪ್ಪಿತು. ಸ್ಕ್ರೂ ಇರುವ ಲೋಹದ ಲಿಗೇಚರ್ ತಂದ ಹೆಸರೂ ಇವನಿಗೇ ಸೇರುತ್ತದೆ. ಆದರೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ದಾರ ಪೂರ್ತಿ ಹೋಗಲಿಲ್ಲ. ಅಲ್ಲಿ ಈಗಲೂ ದಾರ ಸುತ್ತಿಕೊಂಡು ನುಡಿಸುವವರಿದ್ದಾರೆ. ದಾರ ಜಾರದಿರಲಿ ಅಂತ ಜರ್ಮನ್ ಮೌತ್‌ಪೀಸುಗಳ ಮೈಮೇಲೆ ಸಣ್ಣ ಸಣ್ಣ ಗೀರು ಕೊರೆದಿರುವುದೂ ಉಂಟು.

ನಿಮಗೆ ಬೇಕಾದ್ದು ಒಂದು ಉದ್ದನೆಯ ಬೂಟಿನ ಲೇಸ್. ಚಪ್ಪಟೆ ಲೇಸ್ ಬೇಡ, ಗುಂಡಗಿನದು. ಒಂದೂಕಾಲು ಮೀಟರ್‌ನಷ್ಟಿದ್ದರೆ ಒಳ್ಳೆಯದು. ತೀರಾ ಎಳೆದರೆ ಹಿಗ್ಗುವ ಲೇಸೂ ಬೇಡ.

ರೀಡನ್ನು ಜಾಗದಲ್ಲಿಟ್ಟು ಎಡ ಹೆಬ್ಬೆರಳಿನಿಂದ ಒತ್ತಿಕೊಳ್ಳಿ. ಲೇಸಿನ ಒಂದು ತುದಿಯನ್ನು ಮಡಚಿ ಉದ್ದನೆಯ ಕುಣಿಕೆ ಮಾಡಿ. ಆ ಕುಣಿಕೆಯನ್ನು ಮೌತ್‌ಪೀಸಿನ ಪಕ್ಕದ ಮೈಮೇಲೆ ಉದ್ದಕ್ಕೆ ಮಲಗಿಸಿ. ಕುಣಿಕೆಯ ಬಾಯಿ ಬ್ಯಾರಲ್ ಕಡೆಗಿರಲಿ, ಲೇಸಿನ ಗಿಡ್ಡ ತುದಿ ತುಟಿಯ ಕಡೆ ಹೊರಗೆ ಬಿಟ್ಟಿರಲಿ. ಈಗ ಉದ್ದ ಲೇಸನ್ನು ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು, ಬುಗುರಿಗೆ ದಾರ ಸುತ್ತಿದ ಹಾಗೆ ಸುತ್ತುತ್ತಾ ಬನ್ನಿ. ಸುತ್ತುಗಳು ಒಂದರ ಮೇಲೊಂದು ಏರಬಾರದು. ಮೊದಲ ಎರಡು ಸುತ್ತು ಹಗುರ, ಆಮೇಲಿನವು ಸ್ವಲ್ಪ ಬಿಗಿ. ಹತ್ತು ಹನ್ನೆರಡು ಸುತ್ತು ಆಗಬಹುದು. ಕೊನೆಯಲ್ಲಿ ಲೇಸಿನ ತುದಿಯನ್ನು ಆ ಕುಣಿಕೆಯ ಬಾಯಿಗೆ ತೂರಿಸಿ. ಮೇಲೆ ಬಿಟ್ಟಿದ್ದ ಗಿಡ್ಡ ತುದಿಯನ್ನು ಎಳೆದರೆ ಕುಣಿಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗಂಟು ಹಾಕಬೇಡಿ, ಬಿಚ್ಚುವಾಗ ಕಷ್ಟ.

ಮೊದಲ ಸಲ ಹತ್ತು ನಿಮಿಷ ಹಿಡಿಯುತ್ತದೆ, ರೀಡ್ ಮೂರು ಸಲ ಸರಿಯುತ್ತದೆ, ನೀವು ಬೈದುಕೊಳ್ಳುತ್ತೀರಿ. ವಾರ ಕಳೆದರೆ ಒಂದು ನಿಮಿಷದ ಕೆಲಸ. ದಾರದ ಗುಣ ಏನೆಂದರೆ ಒತ್ತಡ ಎಲ್ಲ ಕಡೆ ಹಂಚಿಹೋಗುತ್ತದೆ, ರೀಡಿನ ಮೇಲೆ ಗೀರು ಬೀಳುವುದಿಲ್ಲ. ನಾದ ನನ್ನ ಕಿವಿಗೆ ತುಸು ಮೃದು. ತೊಂದರೆ ಏನೆಂದರೆ ಕಛೇರಿಯ ನಡುವೆ ರೀಡ್ ಬದಲಾಯಿಸಬೇಕಾದರೆ ಮೃದಂಗದವರು ತನಿ ನುಡಿಸುವವರೆಗೂ ಕಾಯಬೇಕು.

ದುಬಾರಿ ಲಿಗೇಚರ್ ಕೊಳ್ಳುವ ಮುಂಚೆ ಈ ಲೇಸೇ ನಿಮ್ಮ ಅಳತೆಗೋಲು. ಅಂಗಡಿಯದ್ದು ಇದಕ್ಕಿಂತ ಚೆನ್ನಾಗಿದ್ದರೆ ಮಾತ್ರ ಜೇಬಿಗೆ ಕೈ ಹಾಕಿ.

## ಹೆಜ್ಜೆ 5: ಜಾತಿಗಳ ಪರಿಚಯ

ಮಾರುಕಟ್ಟೆಯಲ್ಲಿ ನೂರಾರು ಹೆಸರುಗಳಿವೆ. ಹೆಸರು ಬಿಡಿ, ಎರಡೇ ಪ್ರಶ್ನೆ ಕೇಳಿ. ರೀಡನ್ನು ಎಲ್ಲಿ ಮುಟ್ಟುತ್ತದೆ? ಯಾವುದರಿಂದ ಮಾಡಿದ್ದು?

ಎರಡು ಸ್ಕ್ರೂಗಳ ಲೋಹದ್ದು ಎಲ್ಲರಿಗೂ ಗೊತ್ತು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚೆನ್ನಾಗಿ ಮಾಡಿದ್ದಾದರೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಎಷ್ಟೋ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಇದನ್ನೇ ಹಾಕಿಕೊಂಡು ಕೂರುತ್ತಾರೆ. ಕೆಟ್ಟದಾಗಿ ಮಾಡಿದ್ದರಲ್ಲಿ ಪಟ್ಟಿ ವಕ್ರವಾಗಿ ರೀಡನ್ನು ಒಂದೇ ಅಂಚಿನಲ್ಲಿ ಕಚ್ಚುತ್ತದೆ, ಸ್ಕ್ರೂವಿನ ಮರೆ, ಅಂದರೆ ಅದರ ಸುತ್ತುಗೆರೆ, ಬೇಗ ಸವೆಯುತ್ತದೆ. ನನ್ನ ಮೊದಲ ವಾದ್ಯದ ಜೊತೆ ಬಂದದ್ದು ಇಂಥದ್ದೇ. ಮೂರನೇ ತಿಂಗಳಿಗೆ ಮೇಲಿನ ಸ್ಕ್ರೂ ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇತ್ತು.

ಇನ್ವರ್ಟೆಡ್ ಲೋಹದ್ದರಲ್ಲಿ ರೀಡನ್ನು ಸಾಮಾನ್ಯವಾಗಿ ಎರಡು ಉದ್ದ ಗೆರೆಗಳು ಮಾತ್ರ ಮುಟ್ಟುತ್ತವೆ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ನುಡಿಸಿದ, ದೊಡ್ಡ ಗುರುವೆಂದು ಹೆಸರಾದ ದಾನಿಯೆಲ್ ಬೊನಾದ್ ಹೆಸರಿನಲ್ಲಿ ಬರುವುದು ಈ ಜಾತಿಗೆ ಸೇರಿದೆ. ವ್ಯಾಂಡೊರೆನ್ ಕಂಪನಿಯ ಎಂ/ಓ ಕೂಡ ಇದೇ ದಾರಿಯದು, ತೂಕ ಕಡಿಮೆ. ಮುಟ್ಟುವ ಜಾಗ ಕಡಿಮೆಯಾದಾಗ ಸ್ವರ ಚುರುಕಾಗಿ ಹುಟ್ಟುತ್ತದೆ, ನಾದದಲ್ಲಿ ಸ್ವಲ್ಪ ಮಿಂಚು ಕಾಣುತ್ತದೆ ಅಂತ ನುಡಿಸುವವರು ಹೇಳುತ್ತಾರೆ. ನನ್ನ ಡಬ್ಬಿಯಿಂದ ಹೊರಗೆ ಉಳಿದ ಎರಡನೆಯದು ಇಂಥದ್ದು.

ವ್ಯಾಂಡೊರೆನ್‌ನ ಆಪ್ಟಿಮಮ್‌ನಲ್ಲಿ ಬದಲಾಯಿಸಬಹುದಾದ ಮೂರು ತಗಡುಗಳು ಬರುತ್ತವೆ. ಒಂದೊಂದೂ ರೀಡನ್ನು ಬೇರೆ ಬೇರೆ ರೀತಿ ಒತ್ತುತ್ತದೆ, ಒಂದರಲ್ಲಂತೂ ನಾಲ್ಕು ಚುಕ್ಕೆಗಳು ಮಾತ್ರ. ಒಂದು ಕೊಂಡರೆ ಮೂರು ಕೊಂಡ ಹಾಗೆ. ಆದರೆ ಮೊದಲ ತಿಂಗಳು ಸಂಗೀತ ಬಿಟ್ಟು ತಗಡು ಬದಲಾಯಿಸುತ್ತಾ ಕೂರುವ ಅಪಾಯ ಇದೆ. ಹಾಗೆ ಕೂತಿದ್ದವನೇ ಹೇಳುತ್ತಿದ್ದೇನೆ.

ಬಟ್ಟೆ, ಚರ್ಮ, ರೆಕ್ಸಿನ್ ಥರದ ಪಟ್ಟಿಗಳೂ ಇವೆ. ಅಮೆರಿಕದ ರೋವ್ನರ್, ಫ್ರಾನ್ಸಿನ ಬಿ.ಜಿ. ಇವುಗಳಲ್ಲಿ ಹೆಸರಾದವು. ಒಂದೇ ಸ್ಕ್ರೂ, ಮೆತ್ತನೆಯ ಹಿಡಿತ. ನಾದದ ಚೂಪು ಸ್ವಲ್ಪ ಕಡಿಮೆಯಾಗಿ ದುಂಡಗಾಗುತ್ತದೆ. ಶಾಲೆಯ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕೆಳಗೆ ಬಿದ್ದರೆ ಸೊಟ್ಟಗಾಗುವುದಿಲ್ಲ, ಕಳೆದುಕೊಳ್ಳಲು ಒಂದೇ ಸ್ಕ್ರೂ. ತೀರಾ ಅಗಲವಾಗಿ, ದಪ್ಪವಾಗಿ ಸುತ್ತುವ ಪಟ್ಟಿಗಳು ಮಾತ್ರ ಕೆಲವು ರೀಡುಗಳನ್ನು ಮಂಕು ಮಾಡುತ್ತವೆ.

ಪ್ಲಾಸ್ಟಿಕ್‌ನವೂ ಇವೆ, ಅಗ್ಗ. ಲುಯ್‌ಬೆನ್ ಅನ್ನುವುದಕ್ಕೆ ಬಹಳ ವರ್ಷಗಳಿಂದ ಅಭಿಮಾನಿಗಳಿದ್ದಾರೆ. ಇನ್ನು ದಾರವನ್ನೇ ಸ್ಕ್ರೂ ಜೊತೆ ಜೋಡಿಸಿ ಮಾಡಿದ ಸಿಲ್ವರ್‌ಸ್ಟೈನ್ ಥರದವು ಬೆಲೆಯಲ್ಲಿ ಹತ್ತು ಸಾವಿರ ದಾಟುತ್ತವೆ. ಲೇಸ್ ಕಟ್ಟಲು ಬಂದವರಿಗೆ ಆ ಬೆಲೆ ನೋಡಿದರೆ ನಗು ಬರುತ್ತದೆ. ಕಟ್ಟುವ ತಾಪತ್ರಯ ಇಲ್ಲ ಅನ್ನುವುದು ನಿಜ.

ಚಿನ್ನದ ಲೇಪ, ಬೆಳ್ಳಿ ಲೇಪ? ಕೈಗೆ ಬೆವರು ಜಾಸ್ತಿ ಇದ್ದವರಿಗೆ ಚಿನ್ನದ ಲೇಪ ಕಪ್ಪಾಗದೆ ಉಳಿಯುತ್ತದೆ, ಅದು ಲಾಭ. ನಾದಕ್ಕೆ ಅಂತ ದುಡ್ಡು ಕೊಡುವುದಾದರೆ ಕೊಡುವ ಮುಂಚೆ ಮುಂದಿನ ಹೆಜ್ಜೆ ಮಾಡಿ.

## ಹೆಜ್ಜೆ 6: ಕಣ್ಣಿಗೆ ಕಾಣದ ಹಾಗೆ ಹೋಲಿಸಿ

ಹೊಸದು ಹಾಕಿ ಊದಿದ ತಕ್ಷಣ ‘ಆಹಾ’ ಅನಿಸುತ್ತದೆ. ಆ ಆಹಾವನ್ನು ನಂಬಬೇಡಿ. ಕೊಟ್ಟ ದುಡ್ಡೂ ಅದರಲ್ಲಿ ಸ್ವಲ್ಪ ಹಾಡುತ್ತಿರುತ್ತದೆ.

ಹೋಲಿಸುವಾಗ ರೀಡ್ ಒಂದೇ, ಮೌತ್‌ಪೀಸ್ ಒಂದೇ, ಕೋಣೆ ಒಂದೇ ಇರಬೇಕು. ರೀಡ್ ತೀರಾ ಹೊಸದಾಗಿರಬಾರದು, ನಾಲ್ಕೈದು ದಿನ ನುಡಿಸಿ ಪಳಗಿದ್ದಾಗಿರಲಿ. ಮೊದಲು ಕಾಲು ಗಂಟೆ ನುಡಿಸಿ ವಾದ್ಯ ಬೆಚ್ಚಗಾಗಲಿ. ಮೊಬೈಲನ್ನು ಮೂರು ಮೀಟರ್ ದೂರದಲ್ಲಿಟ್ಟು ರೆಕಾರ್ಡ್ ಹಾಕಿ. ಹತ್ತಿರ ಇಟ್ಟರೆ ನಿಮ್ಮ ಉಸಿರೇ ಜಾಸ್ತಿ ಕೇಳುತ್ತದೆ. ಲಿಗೇಚರ್ ಬದಲಾದ ಕೂಡಲೇ ರೀಡಿನ ಜಾಗ ಕೂದಲೆಳೆ ಸರಿದಿರಬಹುದು, ಅದನ್ನು ಪ್ರತಿ ಸಲ ಸರಿ ಮಾಡಿಕೊಳ್ಳಿ. ಇಲ್ಲದಿದ್ದರೆ ನೀವು ಹೋಲಿಸುವುದು ಪಟ್ಟಿಗಳನ್ನಲ್ಲ, ರೀಡಿನ ಜಾಗಗಳನ್ನು.

ಏನು ನುಡಿಸಬೇಕು? ಪಾಶ್ಚಾತ್ಯ ಪದ್ಧತಿಯವರಾದರೆ ಕೆಳಗಿನ ಇ ಸ್ವರವನ್ನು ತೀರಾ ಮೆಲ್ಲಗೆ ಶುರು ಮಾಡಿ ಬೆಳೆಸಿ, ಮತ್ತೆ ಇಳಿಸಿ. ನಡುವಿನ ಎ ಇಂದ ಬಿ ಗೆ ದಾಟಿ. ಕ್ಲಾರಿನೆಟ್‌ನಲ್ಲಿ ಬೆರಳೂ ಗಾಳಿಯೂ ಎಡವುವ ಜಾಗ ಅದು. ಮೇಲಿನ ಸಿ ಯಲ್ಲಿ ನಾಲಿಗೆಯಿಂದ ಬಿಡಿಬಿಡಿಯಾಗಿ ಎಂಟು ಸಲ ಹೊಡೆಯಿರಿ. ಸ್ವರದ ಆರಂಭ ಶುಚಿಯಾಗಿದೆಯಾ, ಹಿಸ್ ಅನ್ನುತ್ತದಾ ಅಂತ ಕೇಳಿ.

ನಮ್ಮ ಸಂಗೀತ ನುಡಿಸುವವರಿಗೆ ನಾಲಿಗೆಯ ಪರೀಕ್ಷೆ ಅಷ್ಟು ಉಪಯೋಗವಿಲ್ಲ ಅಂತ ನನ್ನ ಅನಿಸಿಕೆ. ಕರ್ನಾಟಕ ಸಂಗೀತದಲ್ಲಿ ಎ.ಕೆ.ಸಿ. ನಟರಾಜನ್, ಹಿಂದೂಸ್ತಾನಿಯಲ್ಲಿ ನಮ್ಮ ರಾಯಚೂರಿನ ನರಸಿಂಹಲು ವಡವಾಟಿ ಈ ವಾದ್ಯದಲ್ಲಿ ಮಾಡಿ ತೋರಿಸಿದ್ದು ಹಾಡುವ ಕೆಲಸ. ಸ್ವರದಿಂದ ಸ್ವರಕ್ಕೆ ಜಾರುವುದು, ಅಲುಗಿಸುವುದು. ಅದಕ್ಕೆ ಬೇಕಾದ್ದು ತುಟಿ ಒಂಚೂರು ಸಡಿಲಿಸಿದರೂ, ತೂತನ್ನು ಅರ್ಧ ತೆರೆದರೂ ಮುರಿಯದೆ ಜೊತೆಗೆ ಬರುವ ರೀಡ್. ಹಾಗಾಗಿ ನಾನು ಮಾಡುವುದು ಇದು. ಮಾಯಾಮಾಳವಗೌಳದಲ್ಲಿ ಒಂದು ಸರಳೆ ವರಸೆ, ಮೂರು ಕಾಲದಲ್ಲಿ. ಮೂರನೇ ಕಾಲದಲ್ಲಿ ಸ್ವರಗಳು ಒಂದಕ್ಕೊಂದು ಮೆತ್ತಿಕೊಂಡರೆ ಆ ಲಿಗೇಚರ್‌ಗೆ ಒಂದು ಅಂಕ ಕಡಿಮೆ. ಆಮೇಲೆ ತೋಡಿಯ ಗಾಂಧಾರ, ನಿಧಾನವಾಗಿ, ಮೆಲ್ಲನೆ. ಆ ಅಲುಗಾಟದ ಕೆಳತುದಿಯಲ್ಲಿ ನಾದ ಕಳಚಿಕೊಂಡರೆ ಇನ್ನೊಂದು ಅಂಕ. ಕೊನೆಗೆ ಷಡ್ಜದಿಂದ ಪಂಚಮಕ್ಕೆ ಒಂದೇ ಉಸಿರಿನಲ್ಲಿ ಜಾರು.

ಪಟ್ಟಿ ಬದಲಾಯಿಸುವ ಕೆಲಸ ಇನ್ನೊಬ್ಬರಿಗೆ ಕೊಡಿ, ಯಾವುದು ಹಾಕಿದೆ ಅಂತ ನಿಮಗೆ ಕಾಣಬಾರದು. ಬಾಯಿಗೆ ಇಡುವಾಗ ಕಣ್ಣು ಮುಚ್ಚಿ. ಮೂರು ಲಿಗೇಚರ್, ಒಂದೊಂದು ಮೂರು ಸಲ, ಕ್ರಮ ಕಲಸಿ. ಒಂಬತ್ತು ಸಲವೂ ಒಂದು ಹಾಳೆಯಲ್ಲಿ ಎರಡು ಸಾಲಿನಲ್ಲಿ ಬರೆಯಿರಿ: ಬಾಯಿಗೆ ಹೇಗನಿಸಿತು, ಕಿವಿಗೆ ಹೇಗನಿಸಿತು. ರೆಕಾರ್ಡನ್ನು ಮಾರನೇ ದಿನ ಕೇಳಿ, ಅದೇ ದಿನ ಬೇಡ.

ನಮ್ಮ ಮನೆಯಲ್ಲಿ ಪಟ್ಟಿ ಬದಲಾಯಿಸಿದ್ದು ನನ್ನ ಹೆಂಡತಿ. ಲೇಸು, ಹಳೇ ಲೋಹದ್ದು, ಚಿನ್ನದ ಲೇಪದ್ದು. ‘ಇದೇ ಚಿನ್ನದ್ದು, ಗ್ಯಾರಂಟಿ’ ಅಂತ ನಾನು ಎರಡು ಸಲ ಹೇಳಿದೆ. ಎರಡೂ ಸಲ ಅದು ಲೇಸು. ಅವಳು ಏನೂ ಅನ್ನಲಿಲ್ಲ. ಹಾಳೆಯ ಮೇಲೆ ದೊಡ್ಡದಾಗಿ ಸುತ್ತು ಹಾಕಿ ಕೊಟ್ಟಳು. ಮಾರನೇ ದಿನ ರೆಕಾರ್ಡ್ ಕೇಳಿದಾಗ ಒಂಬತ್ತರಲ್ಲಿ ಯಾವುದು ಯಾವುದು ಅಂತ ನನಗೂ ಹೇಳಲಾಗಲಿಲ್ಲ. ಬಾಯಿಗೆ ಮಾತ್ರ ಮೂರೂ ಬೇರೆ ಬೇರೆ ಅನಿಸಿದ್ದವು. ಹಾಳೆಯ ಮೊದಲ ಸಾಲುಗಳಲ್ಲಿ ಅದು ಸ್ಪಷ್ಟವಾಗಿಯೇ ಇತ್ತು.

ಹಾಗಾಗಿ ಆರಿಸುವಾಗ ನಾನು ಕೇಳುವುದು ಒಂದೇ. ಮೆಲ್ಲಗೆ ಊದಿದಾಗ ಸ್ವರ ಕರೆದ ಕೂಡಲೇ ಬರುತ್ತದಾ? ಬಂದರೆ ಸಾಕು.

## ಹೆಜ್ಜೆ 7: ಅಂಗಡಿಯಲ್ಲಿ

ನಿಮ್ಮ ಮೌತ್‌ಪೀಸು, ನಿಮ್ಮ ರೀಡು ಜೊತೆಗೆ ಒಯ್ಯಿರಿ. ‘ಕ್ಲಾರಿನೆಟ್ ಲಿಗೇಚರ್’ ಅಂತ ಬರೆದಿದ್ದೆಲ್ಲ ಎಲ್ಲದಕ್ಕೂ ಹೊಂದುವುದಿಲ್ಲ. ಬಿ-ಫ್ಲ್ಯಾಟ್ ಮತ್ತು ಎ ಕ್ಲಾರಿನೆಟ್‌ಗಳಿಗೆ ಒಂದೇ ಮೌತ್‌ಪೀಸ್, ಹಾಗಾಗಿ ಒಂದೇ ಲಿಗೇಚರ್. ಇ-ಫ್ಲ್ಯಾಟ್‌ನದ್ದು ಚಿಕ್ಕದು, ಬೇಸ್ ಕ್ಲಾರಿನೆಟ್‌ನದ್ದು ದೊಡ್ಡದು. ಜರ್ಮನ್ ಪದ್ಧತಿಯ ಮೌತ್‌ಪೀಸು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫ್ರೆಂಚ್ ಮಾದರಿಗಿಂತ ಸಪೂರ. ಆನ್‌ಲೈನ್‌ನಲ್ಲಿ ತರಿಸುವಾಗ ಇದನ್ನು ನೋಡದೆ ನಾನು ಒಂದು ಜರ್ಮನ್ ಅಳತೆಯದ್ದು ತರಿಸಿದೆ. ಅದು ಡಬ್ಬಿಯಲ್ಲಿರುವ ಏಳರಲ್ಲಿ ಒಂದು. ಒಂದು ಸಲವೂ ನುಡಿಸಿಲ್ಲ.

ಸ್ಕ್ರೂ ತಿರುಗಿಸಿ ನೋಡಿ, ಮಣ್ಣು ಸಿಕ್ಕಿದ ಹಾಗೆ ಕರಕರ ಅನ್ನಬಾರದು. ಪೂರ್ತಿ ಬಿಗಿ ಮಾಡಿದಾಗ ಪಟ್ಟಿಯ ಎರಡು ತುದಿಗಳ ನಡುವೆ ಇನ್ನೂ ಸಂದು ಉಳಿದಿರಬೇಕು. ತುದಿಗಳು ಆಗಲೇ ಮುಟ್ಟಿಕೊಂಡರೆ ಅದು ನಿಮ್ಮ ಮೌತ್‌ಪೀಸಿಗೆ ದೊಡ್ಡದು. ಟೋಪಿ, ಅಂದರೆ ಕ್ಯಾಪ್, ಜೊತೆಗೇ ಕೇಳಿ. ದಪ್ಪ ಪಟ್ಟಿಗಳ ಮೇಲೆ ಹಳೇ ಕ್ಯಾಪ್ ಕೂರುವುದಿಲ್ಲ. ಕ್ಯಾಪ್ ಇಲ್ಲದೆ ಕಛೇರಿಯಲ್ಲಿ ವಾದ್ಯ ಪಕ್ಕಕ್ಕಿಟ್ಟರೆ ಶಾಲಿನ ಅಂಚು ಸಾಕು, ರೀಡ್ ಹೋಯಿತು.

ಮೇರಠ್‌ನ ಜಾಲಿ ಕೋಠಿ ಬೀದಿಯಲ್ಲಿ ತಲೆಮಾರುಗಳಿಂದ ಬ್ಯಾಂಡಿನ ವಾದ್ಯಗಳನ್ನು ಮಾಡುತ್ತಾರೆ. ನಮ್ಮ ಮದುವೆ ಬ್ಯಾಂಡುಗಳ ಎಷ್ಟೋ ವಾದ್ಯಗಳು ಅಲ್ಲಿಂದ ಬಂದವು. ಅಂಥ ವಾದ್ಯ ನಿಮ್ಮದಾದರೆ ಮೌತ್‌ಪೀಸಿನ ಅಳತೆ ಫ್ರೆಂಚ್ ಅಳತೆಗೆ ಸರಿಯಾಗಿ ಹೊಂದದೇ ಇರಬಹುದು. ಮೆತ್ತನೆಯ ಪಟ್ಟಿ ಅಥವಾ ದಾರ ಅಲ್ಲಿ ಒಳ್ಳೇ ಉಪಾಯ, ಆಕಾರಕ್ಕೆ ತಕ್ಕ ಹಾಗೆ ಬಗ್ಗುತ್ತದೆ.

## ನೋಡಿಕೊಳ್ಳುವುದು

ನುಡಿಸಿದ ಮೇಲೆ ಲಿಗೇಚರನ್ನು ಒರೆಸಿಡಿ. ಎಂಜಲು ಕೂತರೆ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಹಾಗೆ ಆಗಿದ್ದರೆ ಬೆಚ್ಚಗಿನ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಲೇಪ 
ಎದ್ದುಹೋಗುತ್ತದೆ. ಸ್ಕ್ರೂವಿನ ಮರೆಗೆ ವರ್ಷಕ್ಕೊಮ್ಮೆ ಕಡ್ಡಿಯ ತುದಿಯಿಂದ ಹೊಲಿಗೆ ಮಷೀನಿನ ಎಣ್ಣೆಯ ಒಂದು ತೊಟ್ಟು. ಬಟ್ಟೆ, ಚರ್ಮದ ಪಟ್ಟಿಗಳನ್ನು ಒದ್ದೆ ಇರುವಾಗಲೇ ಕೇಸಿಗೆ ಹಾಕಿದರೆ ಬೂಸ್ಟು ಬರುತ್ತದೆ, ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ರೀಡನ್ನು ಮೌತ್‌ಪೀಸಿನ ಮೇಲೇ ಬಿಟ್ಟು ಮಲಗಬೇಡಿ, ತೆಗೆದು ಒರೆಸಿ ಅದರ ಡಬ್ಬಿಗೆ ಹಾಕಿ.

ಕೇಸಿನ ಮೂಲೆಯಲ್ಲಿ ಆ ಗುಂಡನೆಯ ಲೇಸು ಸುತ್ತಿಟ್ಟಿರಿ. ಒಂದು ರಥೋತ್ಸವದ ರಾತ್ರಿ, ಜನರೇಟರ್ ದೀಪದ ಮಬ್ಬಿನಲ್ಲಿ, ನನ್ನ ಕೆಳಗಿನ ಸ್ಕ್ರೂ ಕಳಚಿ ಮಣ್ಣಿನಲ್ಲಿ ಬಿತ್ತು. ಮೊಬೈಲ್ ಬೆಳಕು ಹಾಕಿ ನಾಲ್ಕು ಜನ ಹುಡುಕಿದರೂ ಸಿಗಲಿಲ್ಲ. ಡೋಲಿನವರು ಆಗಲೇ ಶುರು ಮಾಡಿದ್ದರು. ಪಕ್ಕದಲ್ಲಿ ನಿಂತಿದ್ದ ಹುಡುಗನ ಸ್ಕೂಲ್ ಬೂಟಿನಿಂದ ಒಂದು ಲೇಸ್ ಬಿಚ್ಚಿಸಿಕೊಂಡು ಸುತ್ತಿದೆ. ಗಿಡ್ಡವಾಗಿತ್ತು, ಐದೇ ಸುತ್ತು ಬಂತು. ತೇರು ನೆಲೆ ಮುಟ್ಟುವವರೆಗೂ ಅದು ಹಿಡಿದುಕೊಂಡಿತ್ತು. ಹುಡುಗ ಮಾತ್ರ ಒಂದು ಬೂಟು ಎಳೆದುಕೊಂಡು ನನ್ನ ಹಿಂದೆಯೇ ನಡೆದ, ಲೇಸ್ ವಾಪಸ್ ಬೇಕಿತ್ತು ಅಂತ.